ನೆರೆ ಇಳಿದ ಗದ್ದೆಗೆ ಮರುದಿನವೇ ಯೂರಿಯಾ ಬೇಡ

ಆರು ದಿನ ವರದಾ ನದಿಯ ನೀರಿನಡಿ ಇದ್ದ ಭತ್ತದ ಗದ್ದೆಯ ಚಿತ್ರವನ್ನು ಜಾಲತಾಣದಲ್ಲಿ ಹಾಕಿರುವ ಸೊರಬದ ಮಿತ್ರರು, ನೀರು ಇಳಿದ ಕೂಡಲೇ ಎಕರೆಗೊಂದು ಚೀಲ ಯೂರಿಯಾ ಎರಚಿ ಸಸಿ ಎಬ್ಬಿಸುವುದಾಗಿ ಬರೆದಿದ್ದಾರೆ. ಅದರ ಕೆಳಗೆ ನಾಲ್ಕಾರು ಮಂದಿ ಹೌದೆಂದೂ ಹೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 2019ರ ಆಗಸ್ಟ್ ನೆರೆಯ ನಂತರ ನಮ್ಮ ಬಯಲು ಗದ್ದೆಗೂ ಇದೇ ಉಪಚಾರ ನಡೆದು, ಬದುಕಿದ್ದ ಸಸಿಗಳೂ ಕೈಬಿಟ್ಟು ಹೋದವು.

ಮುಳುಗಿದ ಭತ್ತ ಬುಡದಲ್ಲಿ ಕೂಡಿಟ್ಟ ಪಿಷ್ಟವನ್ನು ಕರಗಿಸಿಕೊಂಡು ಜೀವ ಹಿಡಿದಿರುತ್ತದೆ. ಹೊಸ ಎಲೆ ಬರುವವರೆಗೆ ಅದಕ್ಕೆ ಯೂರಿಯಾದ ಸಾರಜನಕವನ್ನು ಬಳಸಿಕೊಳ್ಳುವ ತ್ರಾಣವಿಲ್ಲ. ಹಾಕಿದ್ದರಲ್ಲಿ ಬಹುಪಾಲು ಕೋಡಿಯಲ್ಲಿ ಹರಿದುಹೋಗುತ್ತದೆ, ಉಳಿದದ್ದು ಎಲೆ ಒಣಗಿಸುವ ದುಂಡಾಣು ಅಂಗಮಾರಿ ರೋಗವನ್ನು ಕರೆತರುತ್ತದೆ. ದ್ರವರೂಪದ ನ್ಯಾನೊ ಯೂರಿಯಾ ಸಿಂಪಡಿಸಿದರೆ ಸಾಕೆನ್ನುವವರು, ಎಲೆಯ ಮೇಲೆ ಕೆಸರು ಅಂಟಿರುವಾಗ ಸಿಂಪರಣೆ ಒಳಗೆ ಇಳಿಯುವುದಾದರೂ ಎಲ್ಲಿಂದ ಎಂದು ಯೋಚಿಸಲಿ. ಅಂಗಡಿಯ ಟಾನಿಕ್ ಬಾಟಲಿಗಳ ಮಾತಂತೂ ಬೇಡವೇ ಬೇಡ.

ಮೊದಲು ಗದ್ದೆಯ ನಾಲ್ಕೈದು ಕಡೆ ಒಂದೊಂದು ಬುಡ ಕಿತ್ತು, ಕಾಂಡದ ತಳವನ್ನು ಉಗುರಿನಿಂದ ಸೀಳಿ ನೋಡಿ. ಒಳಗಿನ ಸುಳಿ ಬೆಳ್ಳಗೆ ಗಟ್ಟಿಯಾಗಿದ್ದರೆ, ಮೇಲಿನ ಎಲೆಯೆಲ್ಲ ಹಳದಿಯಾಗಿ ಮಲಗಿದ್ದರೂ ಸಸಿ ಬದುಕಿದೆ. ಕಂದಾಗಿ ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಮಾತ್ರ ಹೋಯಿತೆನ್ನಿ. ನೀರು ಇಳಿಯುತ್ತಿರುವಾಗಲೇ ನೀರೆರಚಿ ಎಲೆಯ ಕೆಸರನ್ನು ತೊಳೆಯಬೇಕು. ಗದ್ದೆಯನ್ನು ಒಮ್ಮೆಲೇ ಬಸಿಯಬೇಡಿ, ಬಿಸಿಲು ಬಿದ್ದರೆ ಎಲೆ ಸುಡುತ್ತದೆ. ತೆಳ್ಳಗೆ ನೀರು ನಿಲ್ಲಲಿ. ವಾರ ಕಳೆದು ಹೊಸ ಎಲೆ ಬಿಚ್ಚಿದ ಮೇಲೆ ಎಕರೆಗೆ 15ರಿಂದ 20 ಕೆಜಿ ಯೂರಿಯಾವನ್ನು ಪೊಟ್ಯಾಷ್ ಜತೆ ಕೊಡಿ, ಅದೂ ಮಳೆ ಬಿಡುವು ಕೊಟ್ಟಿದ್ದರೆ. ಖಾಲಿ ಬಿದ್ದ ಜಾಗಕ್ಕೆ ಹೊಸ ಅಗೆ (ಸಸಿಮಡಿಯ ಸಸಿ) ಹುಡುಕಿ ಅಲೆಯುವ ಬದಲು, ಚೆನ್ನಾಗಿ ತೆಂಡೆ (ಬುಡದಿಂದ ಒಡೆಯುವ ಮರಿ) ಒಡೆದ ಬುಡಗಳಿಂದ ಎರಡು ಮೂರು ತೆಂಡೆ ಸೀಳಿ ನೆಡುವುದು ನನಗೆ ಒಗ್ಗಿದ ದಾರಿ. ವಯಸ್ಸೂ ಹೊಂದುತ್ತದೆ, ಕೊಯ್ಲೂ ಒಟ್ಟಿಗೆ ಬರುತ್ತದೆ.

ಮುಂದಿನ ವರ್ಷದ ತಳಿಯ ವಿಚಾರಕ್ಕೆ ಬಂದರೆ, ಒಡಿಶಾದ ಎಫ್‌ಆರ್ 13ಎ ತಳಿಯಿಂದ ಬಂದ ಸಬ್1 ಎಂಬ ಮುಳುಗಡೆ ತಾಳುವ ಗುಣವಿರುವ ಸ್ವರ್ಣ ಸಬ್1 ಭತ್ತ ಸುಮಾರು ಎರಡು ವಾರದ ಪೂರ್ಣ ಮುಳುಗಡೆಯನ್ನು ತಾಳುತ್ತದೆ, ಏಕೆಂದರೆ ಅದು ನೀರಿನಡಿ ಎತ್ತರ ಬೆಳೆಯದೆ ಸುಮ್ಮನಿದ್ದು ಪಿಷ್ಟ ಉಳಿಸಿಕೊಳ್ಳುತ್ತದೆ. ಆದರೆ ತಿಂಗಳುಗಟ್ಟಲೆ ಮೊಣಕಾಲು ನೀರು ನಿಲ್ಲುವ ತಗ್ಗು ಗದ್ದೆಗೆ ಅದು ತಕ್ಕದ್ದಲ್ಲ. ಅಲ್ಲಿಗೆ ನೆರೆಗುಳಿಯಂಥ ಎತ್ತರದ ನಾಟಿ ತಳಿಯೇ ಸರಿ, ಗೊಬ್ಬರ ಹೆಚ್ಚಾದರೆ ಮಲಗುತ್ತದೆ ಎಂಬುದು ನೆನಪಿರಲಿ. ಸ್ವರ್ಣ ದೀರ್ಘಾವಧಿಯದಾದ್ದರಿಂದ ಮಳೆಯನ್ನೇ ನಂಬಿದ ಎತ್ತರದ ಮಕ್ಕಿ ಗದ್ದೆಗೂ ಆಗದು, ತೆನೆ ಹಾಲು ತುಂಬುವ ಹೊತ್ತಿಗೆ ಅಲ್ಲಿ ನೀರಿರುವುದಿಲ್ಲ. ಮೇಲಿನ ಗದ್ದೆಗೆ ಬೆಂಕಿರೋಗ ತಾಳುವ, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೆಂಪಕ್ಕಿ ತಳಿ ಸಹ್ಯಾದ್ರಿ ಮೇಘ ನೋಡಬಹುದು. ಇಡೀ ಹಿಡುವಳಿಗೆ ಒಂದೇ ತಳಿ ಹಾಕಿ, ನೆರೆ ಬಂದರೂ ಬರ ಬಂದರೂ ಮನೆಯ ಊಟದ ಅಕ್ಕಿಗೇ ಕುತ್ತು ತಂದುಕೊಳ್ಳುವ ಹಟ ಏಕೆಂದು ನನಗೆ ತಿಳಿಯದು. ನೆರೆಗೆ ಬೇಸತ್ತು ಅದೇ ಗದ್ದೆಗೆ ಅಡಿಕೆ ಇಡಲು ಹೊರಟವರು, ನೀರು ನಿಂತಲ್ಲಿ ಅಡಿಕೆಯ ಬೇರೂ ಕೊಳೆಯುತ್ತದೆಂದು ತಿಳಿದಿರಲಿ.

ಈ ವರ್ಷ ನೀರಿನಡಿಯಿಂದ ಎದ್ದು ಚೆನ್ನಾಗಿ ತೆನೆ ಕೊಟ್ಟ ನಾಟಿ ತಳಿಯ ಬುಡಗಳಿಗೆ ಕೊಯ್ಲಿಗೆ ಮೊದಲೇ ಗುರುತು ಕಟ್ಟಿ, ಬೀಜಕ್ಕೆಂದು ಕೈಯಲ್ಲೇ ಕೊಯ್ದು ಬೇರೆಯಾಗಿ ಬಡಿದಿಟ್ಟುಕೊಳ್ಳಿ. ಯಂತ್ರ ಗದ್ದೆಗೆ ಇಳಿದ ಮೇಲೆ ಸಿಗುವುದು ಬೆರಕೆ ಬೀಜವಷ್ಟೇ.