ಕಿವಿಯ ಮೇಲಂಚಿಗೆ ಸರಪಳಿ: ಯಾವಾಗ, ಎಲ್ಲಿ, ಎಷ್ಟುದ್ದ?

ಕಿವಿಹಾಲೆಯಿಂದ ಮೇಲಂಚಿನವರೆಗೆ ಎಳೆ ಸರಪಳಿ ಇಳಿಬಿಡುವುದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಅಕ್ಕನ ಮದುವೆಗೆ ಇನ್ನು ಎರಡು ತಿಂಗಳಿದೆ. ಕಿವಿಹಾಲೆಯಲ್ಲಿ ಚಿಕ್ಕಂದಿನ ತೂತು ಇದೆ. ಮೇಲಂಚಿನಲ್ಲಿ ಹೊಸದಾಗಿ ಚುಚ್ಚಿಸಿ ಎರಡನ್ನೂ ಸೇರಿಸಿ ಚಿನ್ನದ ಸರಪಳಿ ಹಾಕಿಕೊಳ್ಳುವ ಆಸೆ. ಈಗಲೇ ಚುಚ್ಚಿಸಿದರೆ ಅಷ್ಟರಲ್ಲಿ ಮಾಯುತ್ತದಾ?
— ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ಮಾಯುವುದಿಲ್ಲ. ಕಿವಿಹಾಲೆ ಬರೀ ಮೆತ್ತನೆಯ ಮಾಂಸ, ರಕ್ತ ಚೆನ್ನಾಗಿ ಹರಿಯುವ ಜಾಗ. ಆರೆಂಟು ವಾರದಲ್ಲಿ ಅಲ್ಲಿನ ತೂತು ಒಂದು ಹದಕ್ಕೆ ಬರುತ್ತದೆ. ಮೇಲಂಚಿನ ಒಳಗಿರುವುದು ಮೃದ್ವಸ್ಥಿ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ, ಮೇಲೆ ಅಂಟಿಕೊಂಡಿರುವ ತೆಳು ಪೊರೆಯಿಂದ ಜಿನುಗಿ ಬಂದಷ್ಟೇ ಅದರ ಪಾಲು. ಹಾಗಾಗಿ ಅಲ್ಲಿ 6ರಿಂದ 12 ತಿಂಗಳು ಹಿಡಿಯುತ್ತದೆ. ಎರಡು ತಿಂಗಳಿಗೆಲ್ಲ ನೋವು ಹೋಗಿ, ಹೊರಗಿನಿಂದ ಮಾಸಿದಂತೆ ಕಾಣುತ್ತದೆ. ಎಲ್ಲರೂ ಮೋಸ ಹೋಗುವುದು ಅಲ್ಲೇ. ಚರ್ಮ ತೂತಿನ ಎರಡೂ ಬಾಯಿಯಿಂದ ಒಳಕ್ಕೆ ಬೆಳೆಯುತ್ತ ಹೋಗುತ್ತದೆ, ನಡುವಿನ ಭಾಗ ಹಸಿಯಾಗಿಯೇ ಉಳಿದಿರುತ್ತದೆ. ಆಗ ಸರಪಳಿ ಸಿಕ್ಕಿಸಿದರೆ ಕತ್ತು ತಿರುಗಿಸಿದಾಗಲೆಲ್ಲ ಆ ಹಸಿ ಗಾಯವನ್ನೇ ಎಳೆದ ಹಾಗೆ.

ಮದುವೆಗೆ ಬೇರೆ ದಾರಿ ಇದೆ. ಮೇಲಂಚಿಗೆ ಚುಚ್ಚದೆ ಸಿಕ್ಕಿಸುವ ಇಯರ್ ಕಫ್ ಹಾಕಿ, ಅದರಿಂದ ಕಿವಿಹಾಲೆಯ ಓಲೆಗೆ ಸರಪಳಿ ಇಳಿಸಬಹುದು. ನೋಡುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ರೇಷ್ಮೆ ಸೀರೆಗಾದರೆ ನಮ್ಮ ಆಯ್ಕೆ ಮಾಟಿ. ಓಲೆಯ ಹಿಂದೆ ಒಂದು ತುದಿ, ಕಿವಿಯ ಮೇಲಿನ ಕೂದಲಿಗೆ ಇನ್ನೊಂದು ತುದಿ. ಜುಮುಕಿಯ ಭಾರವನ್ನು ಕೂದಲು ಹೊರುತ್ತದೆ, ಕಿವಿಗೆ ಆರಾಮ. ಸರಪಳಿಯೆಂದರೆ ಬರೀ ಅಲಂಕಾರ ಅಂದುಕೊಂಡವರು ಇದನ್ನು ಒಮ್ಮೆ ಹಾಕಿ ನೋಡಬೇಕು.

ಚುಚ್ಚಿಸುವುದನ್ನು ಮದುವೆ ಮುಗಿದ ಮೇಲೆ ಇಟ್ಟುಕೊಳ್ಳಿ. ಹೇರ್ ಸ್ಪ್ರೇ, ಮಲ್ಲಿಗೆ ದಂಡೆ, ತಬ್ಬಿಕೊಳ್ಳುವ ನೆಂಟರು, ಇವು ಯಾವುದೂ ಹೊಸ ಗಾಯಕ್ಕೆ ಆಗಿಬರುವುದಿಲ್ಲ. ಸರಪಳಿ ಹಾಕುವುದು ಎಲ್ಲಕ್ಕಿಂತ ಕೊನೆಗೆ, ಆದರೆ ತೂತು ಎಲ್ಲಿ ಬೀಳಬೇಕು ಅನ್ನುವುದನ್ನು ಮೊದಲ ದಿನವೇ ಸರಪಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನಿಸಬೇಕು. ಅಂಗಡಿಗೆ ಹೋಗುವಾಗ ಒಂದು ಗೇಣು ದಾರ ತೆಗೆದುಕೊಂಡು ಹೋಗಿ. ನೆಟ್ಟಗೆ ಕೂತು, ಕೂದಲನ್ನು ದಿನಾ ಕಟ್ಟುವ ಹಾಗೆಯೇ ಕಟ್ಟಿ, ಕನ್ನಡಕ ಇದ್ದರೆ ಹಾಕಿಕೊಂಡೇ ಗುರುತು ಹಾಕಿಸಿ. ಮಲಗಿಸಿ ಗುರುತು ಹಾಕಿದರೆ ಕಿವಿಯ ಕೋನ ಬೇರೆಯೇ ಕಾಣುತ್ತದೆ. ಶಾಯಿಯ ಚುಕ್ಕೆಯಿಂದ ಕಿವಿಹಾಲೆಯ ತೂತಿಗೆ ದಾರ ಇಳಿಬಿಟ್ಟು ಕನ್ನಡಿಯಲ್ಲಿ ನೋಡಿ. ಚುಕ್ಕೆ ತೀರಾ ಮುಂದಕ್ಕೆ ಬಂದಿದ್ದರೆ ದಾರ ಕಿವಿಯ ಬಾಯಿಗೇ ಅಡ್ಡ ಬರುತ್ತದೆ, ಫೋನ್ ಹಿಡಿದಾಗಲೆಲ್ಲ ಕಿರಿಕಿರಿ. ಹೊರ ಅಂಚಿನ ನಡುಭಾಗದಲ್ಲಿದ್ದರೆ ಅಂಚಿನುದ್ದಕ್ಕೂ ಚೆಂದವಾಗಿ ಇಳಿಯುತ್ತದೆ. ಕನ್ನಡಕದ ಕಡ್ಡಿ ಕೂರುವ ಸಂದಿಯಿಂದ ಚುಕ್ಕೆ ದೂರವಿರಲಿ. ಒಪ್ಪಿಗೆಯಾಗದಿದ್ದರೆ ಅಳಿಸಿ ಮತ್ತೆ ಹಾಕಿಸಿ. ಅದಕ್ಕೆ ಮುಖ ಸಿಂಡರಿಸುವ ಅಂಗಡಿಯಾದರೆ ಎದ್ದು ಬನ್ನಿ.

ಚುಚ್ಚುವುದು ಟೊಳ್ಳು ಸೂಜಿಯಿಂದ, ಸಾಮಾನ್ಯವಾಗಿ 16 ಗೇಜ್, ಅಂದರೆ ಸುಮಾರು 1.2 ಮಿ.ಮೀ. ನೋವು ಎರಡು ಮೂರು ಸೆಕೆಂಡಿನದು, ಆಮೇಲೆ ಕೆಲವು ದಿನ ಮುಟ್ಟಿದರೆ ನೋವು. ಮೊದಲಿಗೆ ರಿಂಗ್ ಬೇಡ. ರಿಂಗ್ ತಿರುಗುತ್ತಲೇ ಇರುತ್ತದೆ. ಹಿಂದೆ ಚಪ್ಪಟೆ ಬಿಲ್ಲೆ ಇರುವ ನೇರ ಕಡ್ಡಿ ಹಾಕಿಸಿ. ಊತಕ್ಕೆ ಜಾಗ ಬೇಕೆಂದು 8–10 ಮಿ.ಮೀ. ಉದ್ದದ ಕಡ್ಡಿ ಹಾಕಿರುತ್ತಾರೆ. ಊತ ಇಳಿದ ಮೇಲೆ, 4ರಿಂದ 8 ವಾರದೊಳಗೆ, ಹೋಗಿ ಗಿಡ್ಡ ಕಡ್ಡಿಗೆ ಬದಲಾಯಿಸಿಕೊಳ್ಳಬೇಕು. ಇದೊಂದನ್ನು ಮರೆತವರೇ ಮೂರನೇ ಪ್ರಶ್ನೆಯಂಥ ಪ್ರಶ್ನೆ ಕಳಿಸುವುದು. ಎರಡೂ ಕಿವಿಗೆ ಒಟ್ಟಿಗೆ ಚುಚ್ಚಿಸಬೇಡಿ, ಒರಗಿಕೊಂಡು ಮಲಗಲು ಒಂದು ಕಿವಿಯಾದರೂ ಬೇಕಲ್ಲ.

ಪ್ರಶ್ನೆ: ನಮ್ಮ ಅಜ್ಜೀದು ಒಂದು ಜೋಡಿ ಬುಗುಡಿ ಐತ್ರಿ. ನಮ್ಮನಿ ಪತ್ತಾರರು ಚಿನ್ನದ ತಂತಿಲೇ ಚುಚ್ಚತೇನಿ ಅಂತಾರ. ಪ್ಯಾಟ್ಯಾಗಿನ ಅಂಗಡ್ಯಾಗ ಗನ್ ಐತಿ, ಒಂದೇ ನಿಮಿಷ ಅಂತಾರ. ಯಾವುದು ಚಲೋ? ಬುಗುಡಿಯಿಂದ ಸರಪಳಿ ಇಳಿಬಿಡಬಹುದೇನು?
— ಗೃಹಿಣಿ, ಗದಗ

ಉತ್ತರ: ಗನ್ ಬೇಡವೇ ಬೇಡ. ಗನ್‌ನಲ್ಲಿರುವುದು ಸೂಜಿಯಲ್ಲ, ಮೊಂಡು ತುದಿಯ ಓಲೆ. ಸ್ಪ್ರಿಂಗ್ ಅದನ್ನು ಹೊಡೆದು ಒಳಗೆ ತಳ್ಳುತ್ತದೆ. ಕಿವಿಹಾಲೆ ಅದನ್ನು ಹೇಗೋ ತಾಳಿಕೊಳ್ಳುತ್ತದೆ, ಮೃದ್ವಸ್ಥಿ ಜಜ್ಜಿಹೋಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಗನ್ನಿನ ಪ್ಲಾಸ್ಟಿಕ್ ಮೈಯನ್ನು ಆಟೋಕ್ಲೇವ್ ಎಂಬ ಕ್ರಿಮಿ ಕೊಲ್ಲುವ ಹಬೆಯಂತ್ರದಲ್ಲಿ ಬೇಯಿಸಲು ಆಗುವುದಿಲ್ಲ, ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ ಹಿಡಿಯುತ್ತಾರೆ. ಸಾಲದ್ದಕ್ಕೆ ಹಿಂದಿನ ಚಿಟ್ಟೆ ತಿರುಪು ಬಿಗಿಯಾಗಿ ಕೂತು ಊತಕ್ಕೆ ಜಾಗವೇ ಬಿಡುವುದಿಲ್ಲ.

ಪತ್ತಾರರ ಕೈಯಲ್ಲಿ ಒಂದು ಒಳ್ಳೆಯದಿದೆ: ತಂತಿಯ ತುದಿ ಚೂಪು, ಹೊಡೆತವಿಲ್ಲ. ಕಿವಿಹಾಲೆಗೆ ಅದು ತಲೆಮಾರುಗಳಿಂದ ನಡೆದು ಬಂದಿದೆ. ಮೇಲಂಚಿಗೆ ಮಾತ್ರ ಎರಡು ತೊಡಕು. ದೀಪಕ್ಕೆ ಹಿಡಿದ, ಸ್ಪಿರಿಟ್ ಒರೆಸಿದ ತಂತಿ ಶುದ್ಧ ಅನ್ನಿಸಬಹುದು, ಕ್ರಿಮಿರಹಿತ ಅಲ್ಲ. ಅದಕ್ಕೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ಬೇಕು. ಎರಡನೆಯದು, ಸುತ್ತಿ ಬಿಟ್ಟ ತಂತಿ ರಿಂಗಿನ ಹಾಗೆಯೇ ಅಲ್ಲಾಡುತ್ತದೆ. ಹಾಗಾಗಿ ಚುಚ್ಚುವ ಕೆಲಸ ಪ್ಯಾಕೆಟ್ ಒಡೆದು ಹೊಸ ಸೂಜಿ ತೆಗೆಯುವವರಿಗಿರಲಿ, ಆಭರಣದ ಕೆಲಸ ಪತ್ತಾರರಿಗಿರಲಿ.

ಮೊದಲ ಆಭರಣಕ್ಕೆ ದೇಹದೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ ಉತ್ತಮ. ಎಎಸ್‌ಟಿಎಂ ಎಫ್‌136 ಎಂಬ ಗುಣಮಟ್ಟದ್ದೇ ಬೇಕೆಂದು ಕೇಳಿ. ನಿಕಲ್ ಬೆರೆಸದ 18 ಕ್ಯಾರೆಟ್ ಚಿನ್ನವೂ ಆದೀತು. 'ಸರ್ಜಿಕಲ್ ಸ್ಟೀಲ್' ಅನ್ನುವ ಹೆಸರಿಗೆ ಮಾರುಹೋಗಬೇಡಿ, 316ಎಲ್ ಉಕ್ಕಿನಲ್ಲಿ ಶೇ 10ರಿಂದ 14ರಷ್ಟು ನಿಕಲ್ ಇರುತ್ತದೆ. ಗಡಿಯಾರದ ಪಟ್ಟಿ ತಾಗಿ, ಜೀನ್ಸ್ ಗುಂಡಿ ತಾಗಿ ತುರಿಕೆ ಏಳುವವರಿಗೆ ಅದು ಆಗದು. ನಮ್ಮ 916 ಚಿನ್ನ ಹೊಸ ಗಾಯಕ್ಕೆ ಮೆತ್ತಗಾಯಿತು. ಬೇಗ ಗೀರು ಬಿದ್ದು ಆ ಗೀರಿನಲ್ಲಿ ಕೊಳೆ ನಿಲ್ಲುತ್ತದೆ. ತೂತು ಪೂರ್ತಿ ಮಾಗಿದ ಮೇಲೆ ಧಾರಾಳವಾಗಿ ಹಾಕಿ.

ಇನ್ನು ಅಜ್ಜಿಯ ಬುಗುಡಿ. ಅದರ ತಿರುಪಿನ ಕಡ್ಡಿಯ ದಪ್ಪವನ್ನು ಪತ್ತಾರರ ಅಳತೆಪಟ್ಟಿಯಲ್ಲಿ ನೋಡಿಸಿ. ಹಳೆಯದಾದರೆ 1.2 ಮಿ.ಮೀ. ತೂತಿಗೆ ದಪ್ಪವಾಗುವ ಸಂಭವ ಇದೆ, ಜೊತೆಗೆ ಉದ್ದಕ್ಕೂ ತಿರುಪಿನ ಗೆರೆ ಇದ್ದರೆ ಹಾಕಿ ತೆಗೆಯುವಾಗಲೆಲ್ಲ ಒಳಚರ್ಮವನ್ನು ಅರದ ಹಾಗೆ ಉಜ್ಜುತ್ತದೆ. ಮುತ್ತು, ಕೆಂಪಿನ ಮೇಲ್ಭಾಗವನ್ನು ಹಾಗೇ ಇಟ್ಟು ಕಡ್ಡಿಯನ್ನಷ್ಟೇ 1.2 ಮಿ.ಮೀ.ನ ನುಣುಪಾದ 18 ಕ್ಯಾರೆಟ್ ಕಡ್ಡಿಗೆ ಬದಲಾಯಿಸಲು ಹೇಳಿ, ತಿರುಪಿನ ಗೆರೆ ತುದಿಯ 2 ಮಿ.ಮೀ.ಗೆ ಮಾತ್ರ ಇರಲಿ. ಸರಪಳಿಗೆ ಬುಗುಡಿಯ ತಳದಲ್ಲಿ ಒಂದು ಸಣ್ಣ ಕೊಂಡಿ ಬೆಸೆದರೆ ಸಾಕು. ಬುಗುಡಿ ತಾನೇ ಭಾರದ ಒಡವೆ, ಅದರ ಮೇಲೆ ಸರಪಳಿಯನ್ನು ಹಬ್ಬಕ್ಕೆ, ಕೆಲವು ಗಂಟೆಗೆ ಅಂತ ಇಟ್ಟುಕೊಳ್ಳಿ.

ಪ್ರಶ್ನೆ: ಚುಚ್ಚಿಸಿ ನಾಲ್ಕು ತಿಂಗಳಾಯಿತು. ಕಿವಿಯ ಹಿಂಬದಿಯಲ್ಲಿ ತೂತಿನ ಪಕ್ಕ ಮೆಣಸಿನಕಾಳಿನಷ್ಟು ಕೆಂಪು ಗಂಟು ಎದ್ದಿದೆ. ಅಮ್ಮ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾರೆ. ಇದು ಕೀಲಾಯ್ಡ್ ಇರಬಹುದಾ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಬಹುಮಟ್ಟಿಗೆ ಅಲ್ಲ. ಕೀಲಾಯ್ಡ್ ಗಾಯದ ಎಲ್ಲೆ ಮೀರಿ ಹರಡುತ್ತದೆ, ಗಟ್ಟಿಯಾಗಿರುತ್ತದೆ, ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತಲೇ ಹೋಗುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಚರ್ಮತಜ್ಞರ ಬಳಿ ಹೋಗಿ, ಮುಂದೆಂದೂ ಚುಚ್ಚಿಸಬೇಡಿ. ತೂತಿನ ಬಾಯಲ್ಲೇ ಕೂತ ಚಿಕ್ಕ ಗಂಟು ಸಾಮಾನ್ಯವಾಗಿ ಒತ್ತಡದ್ದು. ಮೊದಲ ದಿನದ ಉದ್ದ ಕಡ್ಡಿಯೇ ಇನ್ನೂ ಇದೆಯಾ ನೋಡಿ. ಆ ಕಿವಿಯ ಮೇಲೆ ಮಲಗಿದಾಗ ಉದ್ದ ಕಡ್ಡಿ ವಾಲುತ್ತದೆ, ತೂತೂ ವಾಲುತ್ತದೆ, ಒಂದು ಬದಿ ಸದಾ ಒತ್ತಿಸಿಕೊಂಡು ಗಂಟು ಕಟ್ಟುತ್ತದೆ. ಚುಚ್ಚಿದವರ ಬಳಿಯೇ ಗಿಡ್ಡ ಕಡ್ಡಿ ಹಾಕಿಸಿ, ಪ್ರಯಾಣದ ಉಂಗುರದಿಂಬಿನ ತೂತಿನಲ್ಲಿ ಕಿವಿ ಇಟ್ಟು ಮಲಗಿ. ಕೆಲವು ವಾರದಲ್ಲಿ ಇಳಿಯತೊಡಗುತ್ತದೆ.

ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ: ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಅರಿಶಿನದ ಪುಡಿ ತೂತಿನೊಳಗೆ ಕೂತು ಮತ್ತೊಂದು ಕಸವಾಗುತ್ತದೆ. ಮೆಡಿಕಲ್ ಅಂಗಡಿಯ ಶೇ 0.9ರ ನಾರ್ಮಲ್ ಸಲೈನ್, ಚಿಕ್ಕ ಬಾಟಲಿ ಸಾಕು. ಮೂಗಿಗೆ ಬಿಡುವ ಸಲೈನ್ ಹನಿ ತರಬೇಡಿ. ದಿನಕ್ಕೆ ಎರಡು ಸಲ, ಕೈ ತೊಳೆದು, ಗಾಜ್ ಬಟ್ಟೆಯನ್ನು ನೆನೆಸಿ ಎರಡು ನಿಮಿಷ ಇಟ್ಟರೆ ಕಟ್ಟಿದ ಹಕ್ಕಳೆ ತಾನಾಗಿ ಬಿಡುತ್ತದೆ. ಹತ್ತಿಯ ಎಳೆ ಕಡ್ಡಿಗೆ ಸುತ್ತಿಕೊಳ್ಳುವುದರಿಂದ ಹತ್ತಿ ಬೇಡ. ಕಡ್ಡಿಯನ್ನು ತಿರುಗಿಸುವ ಹಳೆಯ ಪದ್ಧತಿಯೂ ಬೇಡ.

ಒಂದು ಲಕ್ಷಣ ಮಾತ್ರ ಚೆನ್ನಾಗಿ ನೆನಪಿರಲಿ. ಕಿವಿಯ ಮೇಲ್ಭಾಗ ಪೂರ್ತಿ ಕೆಂಪಾಗಿ, ಬಿಸಿಯಾಗಿ, ಮಡಿಸಿದರೆ ಜೀವ ಹೋಗುವಷ್ಟು ನೋವಾಗಿ, ಕಿವಿಹಾಲೆ ಮಾತ್ರ ಎಂದಿನಂತೆ ಇದ್ದರೆ ಸೋಂಕು ಮೃದ್ವಸ್ಥಿಯ ಪೊರೆಗೆ ಇಳಿದಿದೆ ಅಂತ ಅನುಮಾನಿಸಬೇಕು. ಅದೇ ದಿನ ಇಎನ್‌ಟಿ ವೈದ್ಯರನ್ನು ನೋಡಿ. ಇದರ ಹಿಂದೆ ಹೆಚ್ಚಾಗಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಚೀಟಿಯಿಲ್ಲದೆ ತಂದು ನುಂಗುವ ಅಮಾಕ್ಸಿಸಿಲಿನ್ ಅದಕ್ಕೆ ನಾಟುವುದೇ ಇಲ್ಲ. ಪೊರೆಯ ಕೆಳಗೆ ಕೀವು ತುಂಬಿದರೆ ಮೃದ್ವಸ್ಥಿಗೆ ಆಹಾರ ತಪ್ಪಿ ಕರಗುತ್ತದೆ, ಕಿವಿ ಸುಕ್ಕುಗಟ್ಟಿ ಆಕಾರ ಕೆಡುತ್ತದೆ. ಆಭರಣವನ್ನು ನೀವಾಗಿಯೇ ಕಿತ್ತುಹಾಕಬೇಡಿ, ತೂತಿನ ಬಾಯಿ ಮುಚ್ಚಿ ಕೀವು ಒಳಗೇ ಉಳಿದೀತು. ತೆಗೆಯಬೇಕೋ ಬೇಡವೋ ವೈದ್ಯರು ಹೇಳುತ್ತಾರೆ.

ಪ್ರಶ್ನೆ: ಚುಚ್ಚಿಸಿ ಒಂದೂವರೆ ವರ್ಷ ಆಗಿದೆ, ಯಾವ ತೊಂದರೆಯೂ ಇಲ್ಲ. ಆನ್‌ಲೈನ್‌ನಲ್ಲಿ ಸರಪಳಿ ತರಿಸಿದೆ. ನಕ್ಕರೆ ಎಳೆಯುತ್ತದೆ, ಮೇಲಿನ ಹರಳು ಕೆಳಕ್ಕೆ ಬಾಗುತ್ತದೆ. ಸರಪಳಿ ಗಿಡ್ಡವಾಯಿತಾ, ತೂತೇ ತಪ್ಪಾ?
— ಶಿಕ್ಷಕಿ, ಮಂಗಳೂರು

ಉತ್ತರ: ತೂತಿಗೇನೂ ಆಗಿಲ್ಲ ಅನ್ನಿಸುತ್ತದೆ. ಒಂದು ತೂತಿನಿಂದ ಇನ್ನೊಂದಕ್ಕೆ ದಾರವನ್ನು ಬಿಗಿಯಾಗಿ ಹಿಡಿದು ಸ್ಕೇಲಿನಲ್ಲಿ ಅಳೆಯಿರಿ. ಬಾಯಿ ಅಗಲಿಸಿ ಇನ್ನೊಮ್ಮೆ ಅಳೆಯಿರಿ, ಕಿವಿಹಾಲೆ ದವಡೆಯ ಜೊತೆ ತುಸು ಸರಿಯುತ್ತದೆ. ಎರಡರಲ್ಲಿ ದೊಡ್ಡ ಅಳತೆಗೆ 6ರಿಂದ 8 ಮಿ.ಮೀ. ಸೇರಿಸಿ. 38 ಮಿ.ಮೀ. ಬಂದರೆ ಸರಪಳಿ ಸುಮಾರು 45 ಮಿ.ಮೀ., ಅದೂ ಎರಡೂ ತುದಿಯ ಕೊಂಡಿಗಳನ್ನು ಸೇರಿಸಿ. ಮಾರುವವರು ಕೆಲವೊಮ್ಮೆ ಕೊಂಡಿ ಬಿಟ್ಟು ಅಳತೆ ಕೊಡುತ್ತಾರೆ, ಕೇಳಿಯೇ ತರಿಸಿ.

ಹರಳು ಬಾಗುವುದಕ್ಕೆ ಇನ್ನೂ ಒಂದು ಕಾರಣವಿರಬಹುದು. ತುದಿಯ ಕೊಂಡಿ ಕೂರುವುದು ಹರಳಿಗೂ ಚರ್ಮಕ್ಕೂ ನಡುವೆ. ನಿಮ್ಮ ಕಡ್ಡಿ ಕಿವಿಗೆ ಸರಿಯಾಗಿ ಬಿಗಿಯಿದ್ದರೆ ಕೊಂಡಿಗೆ ಅಲ್ಲಿ ಜಾಗವಿಲ್ಲ. ಚರ್ಮವನ್ನು ಒತ್ತಿ ಗುಳಿ ಮಾಡುತ್ತದೆ. ಸರಪಳಿ ಹಾಕುವ ದಿನಕ್ಕೆಂದೇ ಈಗಿನದಕ್ಕಿಂತ 1 ಮಿ.ಮೀ. ಹೆಚ್ಚು ಉದ್ದದ ಇನ್ನೊಂದು ಕಡ್ಡಿ ಇಟ್ಟುಕೊಳ್ಳಿ. ಕೊಂಡಿಯ ಒಳಗಿನ ಅಗಲ 1.5 ಮಿ.ಮೀ. ಇರಲಿ: 1.2 ಮಿ.ಮೀ. ಕಡ್ಡಿ ಸಲೀಸಾಗಿ ಹೋಗುತ್ತದೆ, ಹರಳಿನ ಮೇಲಿಂದ ಜಾರಿ ಬೀಳುವುದಿಲ್ಲ. ತೂಕ ಅರ್ಧ ಗ್ರಾಮಿನ ಆಸುಪಾಸಿನಲ್ಲಿದ್ದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ಎರಡೆಳೆ ಬೇಕಿದ್ದರೆ ಎರಡನೆಯದು ಮೊದಲನೆಯದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದವಿರಲಿ, ಒಂದೇ ಉದ್ದವಾದರೆ ಹೆಣೆದುಕೊಳ್ಳುತ್ತವೆ.

ಅಕ್ಕಸಾಲಿಗರ ಬಳಿ ಮಾಡಿಸುವುದಾದರೆ ಒಂದು ಮಾತು ಹೇಳಲೇಬೇಕು. ಅವರು ಪ್ರತಿ ಕೊಂಡಿಗೂ ಬೆಸುಗೆ ಹಾಕುತ್ತಾರೆ, ಅದು ಅವರ ಕೆಲಸದ ಮರ್ಯಾದೆ. ಮೇಲಿನ ತುದಿಯ ಕೊಂಡಿಯೊಂದನ್ನು ಮಾತ್ರ ತೆಳು ತಂತಿಯಲ್ಲಿ, ಬೆಸುಗೆ ಹಾಕದೆ ಬಿಡಲು ಹೇಳಿ. ಮಕ್ಕಳು ಎಳೆದರೆ, ಸೆರಗು ಸಿಕ್ಕಿಕೊಂಡರೆ ಆ ಕೊಂಡಿ ಬಾಯಿ ಬಿಡುತ್ತದೆ, ಕಿವಿ ಉಳಿಯುತ್ತದೆ. ನಾಲ್ಕು ಕಾಸಿನ ಚಿನ್ನ ಹೋದರೆ ಹೋಯಿತು.

ಪ್ರಶ್ನೆ: ದಿನಾ ಸ್ಕೂಟರ್‌ನಲ್ಲಿ ಓಡಾಡುತ್ತೇನೆ. ಹೆಲ್ಮೆಟ್ ಒಳಗೆ ಸರಪಳಿ ಇರಬಹುದಾ?
— ಬೆಂಗಳೂರು

ಉತ್ತರ: ಇರಬಾರದು. ಹೆಲ್ಮೆಟ್ ತೆಗೆಯುವಾಗ ಒಳಗಿನ ಸ್ಪಂಜು ಕಿವಿಯನ್ನು ಮೇಲಕ್ಕೆ ಮಡಚಿಕೊಂಡೇ ಬರುತ್ತದೆ, ಸರಪಳಿ ಆಗಲೇ ಸಿಕ್ಕಿಕೊಳ್ಳುವುದು. ಕಡ್ಡಿ ಇರಲಿ, ಸರಪಳಿಯನ್ನು ಆಫೀಸಿಗೆ ಹೋಗಿ ಹಾಕಿಕೊಳ್ಳಿ. ಹೊಸದಾಗಿ ಚುಚ್ಚಿಸಿದ್ದರೆ ಹೆಲ್ಮೆಟ್ ಬಿಡಬೇಡಿ, ಪಟ್ಟಿಗಳನ್ನು ಎರಡೂ ಕೈಯಲ್ಲಿ ಹೊರಕ್ಕೆ ಎಳೆದು ಹಿಡಿದು ನಿಧಾನ ಹಾಕಿ, ನಿಧಾನ ತೆಗೆಯಿರಿ. ಬ್ಯಾಗಿನಲ್ಲಿ ಸರಪಳಿ ಗಂಟು ಬೀಳದಿರಲು ಎಳನೀರಿಗೆ ಕೊಡುವ ಕಾಗದದ ಸ್ಟ್ರಾದ ತುಂಡೊಂದರಲ್ಲಿ ತೂರಿಸಿ ಇಡಿ. ತುಂಡು ಒಣಗಿದ್ದಾಗಿರಲಿ, ಸರಪಳಿಗಿಂತ ಒಂದು ಬೆರಳು ಗಿಡ್ಡವಿರಲಿ. ಎರಡೂ ತುದಿಯ ಕೊಂಡಿ ಹೊರಗೆ ಕಾಣುತ್ತಿದ್ದರೆ ಹುಡುಕುವ ಕೆಲಸವಿಲ್ಲ.