ಕ್ಯಾಪ್ಟನ್ ಹುಡುಗ ಚಿಕ್ಕವರ ಮೇಲೆ ರೇಗುತ್ತಾನೆ ಅಂತ ಕೇಳಿದ್ದೀರಲ್ಲ ಸರ್

14 ವರ್ಷದೊಳಗಿನವರ ವಾಲಿಬಾಲ್ ತಂಡಕ್ಕೆ ಎಲ್ಲರಿಗಿಂತ ಚೆನ್ನಾಗಿ ಆಡುವವನನ್ನೇ ಕ್ಯಾಪ್ಟನ್ ಮಾಡಿದ್ದೀರಿ, ಈಗ ಅವನು ಕೂಗಾಡುತ್ತಾನೆ, ಉಳಿದವರು ಬಾಯಿ ಬಿಡುವುದಿಲ್ಲ, ತೆಗೆದುಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ, ಅದೂ ಎಲ್ಲರ ಮುಂದೆ. ಕ್ಯಾಪ್ಟನ್ ಆದವನು ಏನು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನು ಕಂಡಿರುವುದು ಗೆರೆಯಾಚೆ ನಿಂತು ಕೂಗುವ ನಮ್ಮಂಥ ಕೋಚ್‌ಗಳನ್ನೇ ಅಲ್ವಾ?

ಒಂದು ಸೆಟ್ ಅವನನ್ನು ಹೊರಗೆ ಕೂರಿಸಿ, ಕೈಗೆ ನೋಟ್‌ಬುಕ್ ಕೊಡಿ. ಯಾರಾದರೂ ಬಾಲ್ ಬಿಟ್ಟಾಗ ಉಳಿದವರು ಏನಂದರು, ಆ ಹುಡುಗ ಎದುರಿನವರ ಮುಂದಿನ ಬಾಲನ್ನು ಹೇಗೆ ತೆಗೆದುಕೊಂಡ, ಇಷ್ಟೇ ಬರೆಯಲಿ. ಆಮೇಲೆ ಇಬ್ಬರೇ ಕೂತು ಓದಿ. ಬೈಸಿಕೊಂಡವನು ಮುಂದಿನ ಬಾಲಿಗೂ ತಡಬಡಾಯಿಸುವುದನ್ನು ಅವನೇ ಕಂಡರೆ ನಿಮ್ಮ ಉಪದೇಶ ಬೇಕಾಗುವುದಿಲ್ಲ.

ಟೈಮ್ ಔಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇರುವುದು 30 ಸೆಕೆಂಡ್. ಮೊದಲೆಲ್ಲ ಅಷ್ಟೂ ಹೊತ್ತು ನಾನೇ ಮಾತಾಡುತ್ತಿದ್ದೆ. ಈಗ ಮೊದಲ 15 ಸೆಕೆಂಡ್ ಮಕ್ಕಳದ್ದು, ನಾನು ಸುಮ್ನೆ ನಿಲ್ಲುತ್ತೇನೆ. ಶುರುವಿನಲ್ಲಿ ಎಲ್ಲರೂ ನೆಲ ನೋಡುತ್ತಾ ನೀರು ಕುಡಿಯುತ್ತಿದ್ದರು, ಆ ಮೌನ ತಡೆದುಕೊಳ್ಳುವುದು ನನಗೆ ತುಂಬಾ ಕಷ್ಟವಾಯಿತು. ನಾಲ್ಕನೇ ಪಂದ್ಯದಲ್ಲಿ ನಮ್ಮ ಸೆಟ್ಟರ್ (ಹೊಡೆಯುವವರಿಗೆ ಬಾಲ್ ಎತ್ತಿಕೊಡುವವಳು), ಮಾತೇ ಆಡದ ಹುಡುಗಿ, ಬಾಟಲಿ ಮುಚ್ಚಳ ತಿರುಗಿಸುತ್ತಾ ತಲೆ ಎತ್ತದೆ ಪಕ್ಕದವಳಿಗೆ ಹೇಳಿದಳು: "ಆ 7ನೇ ನಂಬರಿನವಳು ಪ್ರತಿಸಲ ಹಿಂದಿನ ಮೂಲೆಗೇ ಸರ್ವ್ ಹಾಕ್ತಾಳೆ. ನೀನು ಒಂದು ಹೆಜ್ಜೆ ಹಿಂದೆ ನಿಲ್ಲು." ನಾನು ಅದನ್ನು ಗಮನಿಸಿರಲೇ ಇಲ್ಲ. ಆ ಸೆಟ್ ಸೋತೆವು, ಆದರೆ ಅವತ್ತಿನಿಂದ ಬೇರೆ ಹುಡುಗಿಯರೂ ಒಂದೊಂದೇ ಮಾತು ಆಡಲು ಶುರು ಮಾಡಿದರು.

ಎಲ್ಲರಿಗೂ ಒಂದೊಂದು ಕೆಲಸ ಹಂಚಿ, ಎರಡು ವಾರಕ್ಕೊಮ್ಮೆ ಬದಲಿಸಿ. ವಾರ್ಮ್ ಅಪ್ ನಡೆಸುವುದು, ಬಾಲಿನ ಗಾಳಿ ನೋಡುವುದು, ಹೊಸಬರಿಗೆ ರೊಟೇಷನ್ (ಸರದಿಯಂತೆ ಜಾಗ ಬದಲಿಸುವುದು) ಹೇಳಿಕೊಡುವುದು, ಹೀಗೆ. ಮಾಡದಿದ್ದರೆ ಆಟ ನಿಲ್ಲುವಂಥ ಕೆಲಸವೇ ಆಗಿರಬೇಕು. ಮರೆತರೆ ನೀವು ಕೈ ಹಾಕಬೇಡಿ. ಗಾಳಿ ಇಲ್ಲದ ಬಾಲಿನಲ್ಲಿ ಹತ್ತು ನಿಮಿಷ ಆಡಿದರೆ ಪಂಪ್ ತಾನಾಗೇ ಬರುತ್ತದೆ. ದೊಡ್ಡ ಆಟಗಾರರಿಗೆ ವಿನಾಯಿತಿ ಬೇಡ. ನ್ಯೂಜಿಲೆಂಡಿನ ರಗ್ಬಿ ತಂಡ ಆಲ್ ಬ್ಲ್ಯಾಕ್ಸ್‌ನಲ್ಲಿ ಪಂದ್ಯ ಮುಗಿದ ಮೇಲೆ ಹಿರಿಯ ಆಟಗಾರರೇ ಡ್ರೆಸ್ಸಿಂಗ್ ರೂಮಿನ ಕಸ ಗುಡಿಸುತ್ತಾರೆ. ನಿಮ್ಮಲ್ಲಿ ಜೋರಾಗಿ ಬಾಲ್ ಹೊಡೆಯುವ ಸ್ಪೈಕರ್ ನೆಟ್ ಬಿಚ್ಚಿ ಮಡಿಸಲಿ.

ಇನ್ನೊಂದು, ಪಂದ್ಯದಲ್ಲಿ ರೆಫ್ರಿಯನ್ನು ವಿವರಣೆ ಕೇಳುವ ಹಕ್ಕು ಅಂಗಳದಲ್ಲಿರುವ ಕ್ಯಾಪ್ಟನ್‌ಗೆ ಮಾತ್ರ. ಅದನ್ನೂ ಕಲಿಸಬೇಕು. ಪ್ರಾಕ್ಟೀಸಿನಲ್ಲಿ ನಾನೇ ರೆಫ್ರಿಯಾಗಿ ಬೇಕಂತಲೇ ತಪ್ಪು ತೀರ್ಪು ಕೊಡುತ್ತೇನೆ. ಕ್ಯಾಪ್ಟನ್ ಬಂದು ಒಂದೇ ವಾಕ್ಯದಲ್ಲಿ ಕೇಳಬೇಕು, ಉತ್ತರ ಕೇಳಿಸಿಕೊಂಡು ಹೋಗಿ ತಂಡಕ್ಕೆ ಹೇಳಬೇಕು. ಸಿಟ್ಟು ನುಂಗುವುದು ಇಲ್ಲಿ ಚೆನ್ನಾಗಿ ಅಭ್ಯಾಸವಾಗುತ್ತದೆ.

ಈ ಟೂರ್ನಿ ಮುಗಿಯುವವರೆಗೆ ಅವನೇ ಕ್ಯಾಪ್ಟನ್ ಆಗಿರಲಿ. ಪ್ರಾಕ್ಟೀಸ್ ಪಂದ್ಯಗಳಲ್ಲಿ ಮಾತ್ರ ದಿನಕ್ಕೊಬ್ಬರಿಗೆ ಕೊಡಿ, ಮೊದಲ ದಿನ ಅವನು ಜಾಸ್ತಿ ರೇಗುವ ಆ ಚಿಕ್ಕವನಿಗೇ ಕೊಡಿ. ಹೇಗಾಯಿತು ಅಂತ ಇಲ್ಲಿ ಬರೆಯಿರಿ.