ಬೇಲಿ ಸಾಲಿನ ಅಡುಗೆ: ಉತ್ತರೆ ಮಳೆಯಲ್ಲಿ ಬಂದ ಕಾಗದಗಳು

ಈ ಸಲದ ಕಾಗದಗಳನ್ನು ಅಡುಗೆಮನೆಯ ಕಿಟಕಿ ಪಕ್ಕ ಕೂತು ಓದಿದೆ. ಹೊರಗೆ ಉತ್ತರೆ ಮಳೆ. ಒಂದು ಗಳಿಗೆ ಜಡಿ, ಇನ್ನೊಂದು ಗಳಿಗೆ ಬೆನ್ನು ಸುಡುವ ಬಿಸಿಲು. ಗೌರಿ ಹಬ್ಬ ಮುಗಿದು ಪಕ್ಷ ಮಾಸ ನಡೆಯುತ್ತಿದೆ. ಬೇಲಿಯಲ್ಲಿ ಹೀರೆ ಬಳ್ಳಿಗೆ ಕೈಗೆ ಸಿಗದಷ್ಟು ಎತ್ತರದಲ್ಲಿ ಮಾತ್ರ ಕಾಯಿ. ಯಾವ ವರ್ಷವೂ ಅದರ ಬುದ್ಧಿ ಹಾಗೇ. ಸಾಗರ ಪೇಟೆಯಲ್ಲಿ 22 ವರ್ಷ ಊಟದ ಹೋಟೆಲ್ ನಡೆಸಿ ಈಗ ಮನೆಯಲ್ಲಿ ಕೂತವಳು ನಾನು. ಬೇಯಿಸಿ, ಬಡಿಸಿ, ಬೈಸಿಕೊಂಡು ಕಲಿತದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಅಕ್ಕ, ತೀರ್ಥಹಳ್ಳಿಯಿಂದ ಅತ್ತೆ ಕೆಸುವಿನ ಎಲೆ ಕಳಿಸಿದ್ದರು. ಆಸೆಪಟ್ಟು ಪತ್ರೊಡೆ ಮಾಡಿದೆ. ತಿಂದವರೆಲ್ಲ ಗಂಟಲು ಕೆರೆದುಕೊಂಡು ಕೂತರು. ಯಜಮಾನರು ಈಗಲೂ ಆಡಿಕೊಳ್ಳುತ್ತಾರೆ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಬೆಂಗಳೂರು

ತಂಗಿ, ಹುಣಸೆಹಣ್ಣು ಎಷ್ಟು ಹಾಕಿದಿರಿ ಅಂತ ಬರೆದಿಲ್ಲ. ಸಾರಿಗೆ ಹಾಕುವಷ್ಟು ಹಾಕಿರುತ್ತೀರಿ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ಕೆಸುವಿನ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವುದು ಕಣ್ಣಿಗೆ ಕಾಣದ ಸೂಜಿಗಳ ಹಾಗೆ ಇರುತ್ತದೆ. ಗಂಟಲಿಗೆ ಚುಚ್ಚುವುದು ಅದೇ. ಹುಳಿ ಜೋರಾಗಿರಬೇಕು, ಬೇಯುವುದು ಪೂರ್ತಿ ಆಗಬೇಕು. ಇವೆರಡರಲ್ಲಿ ಒಂದಕ್ಕೆ ಜಿಪುಣತನ ಮಾಡಿದರೂ ಕೆಸು ಬಿಡುವುದಿಲ್ಲ.

ಹೋದ ತಿಂಗಳು ದಾವಣಗೆರೆಯ ಒಬ್ಬರು 'ನೀವು ಅಳತೆಯನ್ನೇ ಹೇಳುವುದಿಲ್ಲ, ಎಲ್ಲ ಅಂದಾಜು' ಅಂತ ಬೈದು ಬರೆದಿದ್ದರು. ಅವರಿಗೂ ಸೇರಿಸಿ ಈ ಸಲ ಅಳತೆ ಹೇಳುತ್ತೇನೆ. ಹದಿನೈದು ಮಧ್ಯಮ ಗಾತ್ರದ ಎಲೆಗೆ ಎರಡು ಲೋಟ ದೋಸೆ ಅಕ್ಕಿ. ಮೂರು ನಾಲ್ಕು ಗಂಟೆ ನೆನೆಯಲಿ. ಎಂಟು ಒಣಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ ಹುರಿದುಕೊಳ್ಳಿ. ಅರ್ಧ ಹೋಳು ತೆಂಗಿನಕಾಯಿ, ಅಡಿಕೆ ಗಾತ್ರದ ಎರಡು ಚೂರು ಬೆಲ್ಲ, ಉಪ್ಪು, ಚಿಟಿಕೆ ಅರಿಶಿನ. ಹುಣಸೆಹಣ್ಣು ಮಾತ್ರ ನಿಂಬೆಗಾತ್ರದ ಎರಡು ಉಂಡೆ. 'ಇಷ್ಟೊಂದಾ?' ಅಂತ ಕೈ ಹಿಂದೆ ಬರುತ್ತದೆ, ಹಾಕಿಬಿಡಿ. ಎಲ್ಲ ಸೇರಿಸಿ ಗಟ್ಟಿಯಾಗಿ ರುಬ್ಬಿ. ಎಲೆಯ ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ಹೆರೆದು, ಬೆನ್ನಿನ ಕಡೆಗೇ ಹಿಟ್ಟು ಸವರಿ, ಒಂದರ ಮೇಲೊಂದು ನಾಲ್ಕೈದು ಎಲೆ ಇಟ್ಟು ಸುತ್ತಿ. ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆ ಬೇಡ. ನಾನು ಒಂದು ಗಂಟೆ ಇಡುತ್ತೇನೆ. ಪೂರ್ತಿ ಆರಿದ ಮೇಲೆ ಬಿಲ್ಲೆ ಕೊಯ್ದು ಒಗ್ಗರಣೆ ಕೊಡಿ. ಎಲೆ ಮುಟ್ಟುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಕೈಯೂ ಕೆರೆಯುತ್ತದೆ.

ಮುಂದಿನ ವರ್ಷ ಅತ್ತೆಗೆ ಮರಕೆಸು ಕಳಿಸಲು ಹೇಳಿ. ಮಳೆಗಾಲದಲ್ಲಿ ಮರದ ಕಾಂಡದ ಪಾಚಿಯಲ್ಲಿ ಹುಟ್ಟುತ್ತದಲ್ಲ, ಅದು. ಕೆರೆತ ಕಡಿಮೆ, ಎಲೆ ಬೆಣ್ಣೆಯ ಹಾಗೆ. ಈ ವರ್ಷದ್ದು ಇನ್ನೇನು ಹಳದಿಯಾಗುವ ಹೊತ್ತು. ಮತ್ತೆ ಯಜಮಾನರು ಆಡಿಕೊಂಡರೆ ಹಿಟ್ಟು ರುಬ್ಬುವ ಕೆಲಸ ಅವರಿಗೇ ಕೊಡಿ.

ಅಮ್ಮ, ನಮ್ಮ ಬಡಾವಣೆಯ ಪಾರ್ಕಿನ ಹುಲ್ಲಿನಲ್ಲಿ ಕೊಡೆಯಂಥ ದೊಡ್ಡ ಬಿಳಿ ಅಣಬೆಗಳು ಎದ್ದಿವೆ. ಊರಲ್ಲಿ ತಿನ್ನುತ್ತಿದ್ದ ಹಾಗೇ ಕಾಣುತ್ತವೆ. ಬೆಳ್ಳಿ ಉಂಗುರ ಹಾಕಿ ಬೇಯಿಸಿದರೆ ವಿಷ ಗೊತ್ತಾಗುತ್ತದೆ ಅಂತಾರೆ. ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಸುಳ್ಳು. ಅಣಬೆ ಅಲ್ಲೇ ಇರಲಿ, ಉಂಗುರ ಬೆರಳಲ್ಲೇ ಇರಲಿ.

ಇದನ್ನು ಇಷ್ಟು ಖಡಾಖಂಡಿತ ಹೇಳಲು ಕಾರಣ ಇದೆ. 1991ರ ಮಳೆಗಾಲ. ನಮ್ಮ ಚಿಕ್ಕಪ್ಪ ಕೊಟ್ಟಿಗೆ ಹಿಂದಿನಿಂದ ಒಂದು ಮೊರ ಅಣಬೆ ತಂದರು. ಅಜ್ಜಿ ಬಾಣಲೆಗೆ ಬೆಳ್ಳಿ ನಾಣ್ಯ ಹಾಕಿ, ಜೊತೆಗೆ ಅರಿಶಿನವನ್ನೂ ಹಾಕಿ ಪರೀಕ್ಷೆ ಮಾಡಿದರು. ನಾಣ್ಯ ಫಳಫಳ ಹೊಳೆಯುತ್ತಿತ್ತು. ರೊಟ್ಟಿ ಜೊತೆ ಉಂಡೆವು. ಎರಡು ಗಂಟೆಯೊಳಗೆ ನಾಲ್ಕು ಜನ ಅಂಗಳದಲ್ಲಿ ಬಗ್ಗಿ ವಾಂತಿ. ನೆರೆಮನೆಯ ಜೀಪಿನಲ್ಲಿ ಪೇಟೆ ಆಸ್ಪತ್ರೆಗೆ ಸಾಗಿಸಿದರು. ಎಲ್ಲರೂ ಉಳಿದೆವು. ಅಜ್ಜಿ ಮಾತ್ರ ಉಂಡಿರಲಿಲ್ಲ. ಅವರದು ಅವತ್ತು ಒಪ್ಪೊತ್ತು. ಆಸ್ಪತ್ರೆ ಮಂಚದ ಪಕ್ಕ ನಿಂತು, 'ನಾಣ್ಯ ಕಪ್ಪಾಗಲೇ ಇಲ್ಲವಲ್ಲೇ' ಅಂತ ನಮಗೇ ಕೇಳುತ್ತಿದ್ದರು.

ಬೆಳ್ಳಿ ಕಪ್ಪಾಗುವುದು ಗಂಧಕಕ್ಕೆ. ಕೋಳಿಮೊಟ್ಟೆ ತಾಗಿದರೂ ಕಪ್ಪಾಗುತ್ತದೆ. ಅಣಬೆಯ ವಿಷಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬೆಳ್ಳುಳ್ಳಿ, ಅರಿಶಿನ, ಹುಳ ತಿಂದ ಗುರುತು, ಯಾವುದನ್ನೂ ನಂಬಬೇಡಿ. ಪಾರ್ಕಿನ ಹುಲ್ಲಿನಲ್ಲಿ ಏಳುವ ದೊಡ್ಡ ಬಿಳಿ ಕೊಡೆಗಳಲ್ಲಿ ಹೊಟ್ಟೆ ಕಿತ್ತು ಬರುವ ಹಾಗೆ ವಾಂತಿ ಮಾಡಿಸುವ ಜಾತಿಯೊಂದಿದೆ. ನೋಡಲು ಥೇಟ್ ಊರಿನ ಅಣಬೆಯಂತೆಯೇ. ಇನ್ನೂ ಕೆಟ್ಟ ಜಾತಿಗಳು ಬೇರೆ ಇವೆ. ಅವನ್ನು ತಿಂದರೆ ಆರು ಗಂಟೆ, ಹನ್ನೆರಡು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ನಡುವೆ ಒಂದು ದಿನ ಗುಣವಾದಂತೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಎಷ್ಟು ಕುದಿಸಿದರೂ ಆ ವಿಷ ಸಾಯುವುದಿಲ್ಲ. ಯಾರಾದರೂ ಈಗಾಗಲೇ ತಿಂದಿದ್ದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಹೋಗಿ, ಉಳಿದ ಅಣಬೆಯನ್ನೂ ಒಂದು ಕಾಗದದಲ್ಲಿ ಕಟ್ಟಿ ಒಯ್ಯಿರಿ.

ಹಾಗಾದರೆ ನಾನು ಅಣಬೆ ತಿನ್ನುವುದಿಲ್ಲವೇ? ತಿನ್ನುತ್ತೇನೆ. ಹುತ್ತದ ಅಣಬೆ, ಅದೂ ಅಮ್ಮ ಕೈ ಹಿಡಿದು ತೋರಿಸಿದ ಎರಡೇ ಜಾಗದಲ್ಲಿ, ಅದೇ ಮಳೆಗೆ ಎದ್ದದ್ದು. ಕೆಳಗೆ ಕೈ ಹಾಕಿ ಎತ್ತಿದರೆ ಬೇರಿನಂಥ ಬಾಲ ಹುತ್ತದೊಳಗೆ ಇಳಿದಿರುತ್ತದೆ. ಆದರೆ ಇದನ್ನು ಓದಿಕೊಂಡು ಕಾಡಿಗೆ ಹೊರಡಬೇಡಿ. ಅಣಬೆ ಗುರುತು ಕಾಗದದಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಆಸೆಯಾದರೆ ಅಂಗಡಿಯಲ್ಲಿ ಬೆಳೆಸಿದ ಅಣಬೆ ಸಿಗುತ್ತದೆ. ಕಾಳುಮೆಣಸು ಜಾಸ್ತಿ ಹಾಕಿ ಮಾಡಿ.

ಅಮ್ಮ, ನಮ್ಮ ಅಡಿಕೆ ತೋಟದಲ್ಲಿ ಒಂದೆಲಗ ಚಾಪೆ ಹಾಸಿದಂತೆ ಬೆಳೆದಿದೆ. ಆದರೆ ಎಲೆಗಳ ಮೇಲೆ ತಿಳಿ ನೀಲಿ ಕಲೆ. ತೊಳೆದು ತಂಬುಳಿ ಮಾಡಬಹುದಾ?
– ಓದುಗರೊಬ್ಬರು, ಕೊಪ್ಪ ತಾಲ್ಲೂಕು

ಆ ನೀಲಿ ಏನು ಅಂತ ನಿಮಗೂ ಗೊತ್ತು, ಸುಮ್ನೆ ನನ್ನ ಬಾಯಲ್ಲಿ ಹೇಳಿಸುತ್ತಿದ್ದೀರಿ ಅಲ್ವಾ? ಅಡಿಕೆಯ ಕೊಳೆರೋಗಕ್ಕೆ ಹೊಡೆಸಿದ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಶುರುವಾಗುವ ಮುಂಚೆ ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೊಮ್ಮೆ ಅಡಿಕೆ ಗೊನೆಗೆ ಹೊಡೆಸುತ್ತಾರೆ. ಗೊನೆಗೆ ತಾಗಿದ್ದು ಸ್ವಲ್ಪ, ಉಳಿದದ್ದೆಲ್ಲ ಕೆಳಗಿನ ಒಂದೆಲಗ, ಕೆಸು, ಬಸಳೆ ಮೇಲೆ. ಅದು ಎಲೆಗೆ ಅಂಟಿಕೊಳ್ಳಲಿ ಅಂತಲೇ ಮಾಡಿದ ಔಷಧಿ, ಒಂದು ಚೊಂಬು ನೀರಿಗೆ ಹೋಗುವುದಿಲ್ಲ. ಒಂದೆಲಗವನ್ನು ಬೇಯಿಸದೆ ಅರೆಯುವುದು ಬೇರೆ. ಬೇಡ.

ಬಾವಿಕಟ್ಟೆ ಪಕ್ಕ, ಬಚ್ಚಲ ನೀರು ಹೋಗದ ಕಡೆ, ಒಂದು ಹಿಡಿ ಬೇರು ಸಮೇತ ನೆಟ್ಟುಕೊಳ್ಳಿ. ತಿಂಗಳೊಳಗೆ ಹಬ್ಬುತ್ತದೆ. ತಂಬುಳಿಗೆ ಒಂದು ಹಿಡಿ ಎಲೆ, ನಾಲ್ಕು ಕಾಳುಮೆಣಸು, ಅರ್ಧ ಚಮಚ ಜೀರಿಗೆ, ತುಪ್ಪದಲ್ಲಿ ಬಾಡಿಸಿ ಒಂದು ಹಿಡಿ ಕಾಯಿತುರಿ ಜೊತೆ ಅರೆದು ಮಜ್ಜಿಗೆಗೆ ಹಾಕಿ. ನಮ್ಮ ಹೋಟೆಲ್ಲಿನಲ್ಲಿ ಇದಕ್ಕೆಂದೇ ಬರುವ ಮೇಷ್ಟರೊಬ್ಬರಿದ್ದರು. ಅನ್ನ ಮುಟ್ಟುತ್ತಿರಲಿಲ್ಲ, ಎರಡು ಲೋಟ ಕುಡಿದು ಎದ್ದುಹೋಗುತ್ತಿದ್ದರು.

ಈಗ ಗದ್ದೆ ಬದುವಿಗೂ ಕಳೆನಾಶಕ ಹೊಡೆಯುತ್ತಾರೆ. ಹುಲ್ಲು ಒಂದೇ ಸಮ ಕೆಂಚಗೆ ಸುಟ್ಟಂತೆ ಕಂಡರೆ ಆ ಬದುವಿನ ಚಿಗುರು ಎಷ್ಟು ಚೆನ್ನಾಗಿದ್ದರೂ ಕೊಯ್ಯಬೇಡಿ. ಬೇರೆಯವರ ಗದ್ದೆಯಾದರೆ ಒಂದು ಮಾತು ಕೇಳಿ.

ಚಗಚೆ ಸೊಪ್ಪು ಈಗ ಕೊಯ್ಯಬಹುದೇ?
– ಓದುಗರೊಬ್ಬರು, ಹೊಸನಗರ

ಹೊತ್ತು ಮೀರಿತು. ಅದು ಆಷಾಢದ ಸೊಪ್ಪು. ಈಗ ಹಳದಿ ಹೂ ಬಿಟ್ಟು ಕೋಡು ಕಟ್ಟಿರುತ್ತದೆ, ಎಲೆ ನಾರು. ಬೀಜ ಒಣಗಿದ ಮೇಲೆ ಹುರಿದು ಕಾಫಿಪುಡಿಯ ಹಾಗೆ ಬಳಸುವವರಿದ್ದಾರೆ. ನಾನು ಒಮ್ಮೆ ಕುಡಿದಿದ್ದೇನೆ. ಒಮ್ಮೆ ಸಾಕು.

ಆಂಟಿ, ನಾನು ಸೊರಬದವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಭೂಮಿ ಹುಣ್ಣಿಮೆಗೆ ಅಜ್ಜಿ ನೂರೊಂದು ಕುಡಿ ತಂದು ಬೇಯಿಸುತ್ತಿದ್ದರು. ಮಗಳಿಗೆ ಐದು ವರ್ಷ. ಅವಳಿಗೆ ತೋರಿಸಬೇಕು. ಇಲ್ಲಿ ಏನು ಸಿಗುತ್ತದೆ, ಹೇಗೆ ಮಾಡಲಿ?

ನಿನ್ನ ಕಾಗದವನ್ನು ಎರಡು ಸಲ ಓದಿದೆ ಮಗಳೇ. ಬೇರೆಯವರಿಗೂ ಗೊತ್ತಾಗಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಶ್ವಯುಜದ ಹುಣ್ಣಿಮೆ, ಬಯಲುಸೀಮೆಯವರು ಶೀಗಿ ಹುಣ್ಣಿಮೆ ಅನ್ನುತ್ತಾರೆ. ನಮ್ಮಲ್ಲಿ ಅದು ಭೂಮಿತಾಯಿಯ ಸೀಮಂತ. ಭತ್ತ ಹೊಡೆ ಬಂದಿರುತ್ತದೆ, ಅಂದರೆ ಗದ್ದೆ ಬಸುರಿ. ಬಸುರಿಯ ಬಯಕೆ ತೀರಿಸಬೇಕು. ವಾರದ ಮುಂಚೆಯೇ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಅದ್ದಿ ಚಿತ್ತಾರ ಬರೆಯುತ್ತಾರೆ. ದೀವರ ಸಮುದಾಯದ ಹೆಂಗಸರ ಕೈ ಅದರಲ್ಲಿ ಎತ್ತಿದ್ದು. ರಾತ್ರಿಯಿಡೀ ಅಡುಗೆ. ಬೆಳಕು ಹರಿಯುವ ಮುಂಚೆ ಗಂಡಸರು ದೊಂದಿ ಹಿಡಿದು ಗದ್ದೆಗೆ ಚರಗ, ಅಂದರೆ ಭೂಮಿಗೆ ಕೊಡುವ ಎಡೆ, ಬೀರಲು ಹೋಗುತ್ತಾರೆ. ನಾನು ಸಣ್ಣವಳಿದ್ದಾಗ ಅಂಗಳದಲ್ಲಿ ನಿಂತು ಆ ಕೂಗು ಕೇಳುತ್ತಿದ್ದೆ. ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಕೂಗು, ಬೆಂಕಿಯ ಚುಕ್ಕಿ ಅಷ್ಟೇ ಕಾಣುತ್ತಿತ್ತು.

ಆ ಚರಗಕ್ಕೇ ಬೆರಕೆ ಸೊಪ್ಪು. ನೂರೊಂದು ಅನ್ನುವುದು ಮಾತಿಗೆ. ನಿನ್ನ ಅಜ್ಜಿ ಎಣಿಸಿ ತಂದಿರಬಹುದು, ನಮ್ಮ ಮನೆಯಲ್ಲಿ ಮೂವತ್ತು ದಾಟಿದರೆ ಅಮ್ಮ ಸಾಕು ಅನ್ನುತ್ತಿದ್ದರು. ಕುಂಬಳ ಕುಡಿ, ಹೀರೆ ಕುಡಿ, ಗೆಣಸಿನ ಕುಡಿ, ಹರಿವೆ, ಬಸಳೆ, ನುಗ್ಗೆ, ಹೊನಗೊನೆ, ನೀಲಿ ಹೂವಿನ ಕನ್ನೆ ಸೊಪ್ಪು, ಗಣಿಕೆ, ಕೆಸುವಿನ ಸುರುಳಿ.

ಅಲ್ಲಿ ನಿನಗೆ ಸಿಗುವುದರಲ್ಲಿ ಮೊದಲನೆಯದು ಗೋಣಿ ಸೊಪ್ಪು. ಪರ್ಸ್‌ಲೇನ್ ಅಂತಾರಂತೆ. ನನ್ನ ತಂಗಿ ಮಗಳು ಅಲ್ಲೇ ಇದ್ದಾಳೆ, ಕಾರು ನಿಲ್ಲಿಸುವ ಸಿಮೆಂಟಿನ ಬಿರುಕಲ್ಲಿ ಬೆಳೆದದ್ದನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿ, 'ದೊಡ್ಡಮ್ಮ, ಇದು ನಮ್ಮದೇ ಅಲ್ವಾ?' ಅಂದಳು. ನಮ್ಮದೇ. ಆದರೆ ಕಾಂಡ ಮುರಿದು ನೋಡು. ಹಾಲು ಬಂದರೆ ಅದು ಬೇರೆ ಗಿಡ, ನೆಲಕ್ಕೆ ಅಂಟಿ ಬೆಳೆಯುವ ಇನ್ನೊಂದು ಕಳೆ. ಅದನ್ನು ತಿನ್ನಬಾರದು. ಗೋಣಿ ಸೊಪ್ಪಿನ ಎಲೆ ಕಾಂಡ ಎರಡೂ ರಸ ತುಂಬಿ ಉಬ್ಬಿರುತ್ತವೆ, ಹಾಲು ಬರುವುದಿಲ್ಲ. ಸಂಶಯ ಬಂದರೆ ಮೆಕ್ಸಿಕನ್ ಅಂಗಡಿಯಲ್ಲಿ ವೆರ್ಡೊಲಾಗಾಸ್ ಅಂತ ಕೇಳು, ಅದೇ ಸೊಪ್ಪು. ಹಿಮ ಬಿದ್ದರೆ ಕರಗಿ ಹೋಗುತ್ತದೆ, ಅದಕ್ಕೆ ಮೊದಲೇ ಕೊಯ್ದಿಡು. ರಸ್ತೆ ಬದಿ, ನಾಯಿ ಓಡಾಡುವ ಕಡೆ, ಔಷಧಿ ಹೊಡೆದ ಹುಲ್ಲುಹಾಸಿನಿಂದ ಬೇಡ.

ಉಳಿದದ್ದು ಹಿತ್ತಲಲ್ಲಿ ಬೆಳೆದವರಿಂದ ಕೇಳಿ ತಾ. ಕುಂಬಳ ಬಳ್ಳಿಯ ಕುಡಿಯನ್ನು ಅಲ್ಲಿ ಎಸೆಯುತ್ತಾರೆ ಅಂತ ಕೇಳಿ ಹೊಟ್ಟೆ ಉರಿಯಿತು. ಮೂಲಂಗಿ ಸೊಪ್ಪು, ಬೀಟ್‌ರೂಟ್ ಸೊಪ್ಪು, ಮೆಂತ್ಯ, ಪಾಲಕ್ ಸೇರಿಸು. ಒಂಬತ್ತು ಬಗೆ ಆದರೆ ಧಾರಾಳ. ಮಗಳಿಗೆ ಒಂದೊಂದನ್ನೂ ಮೂಸಿ ನೋಡಲು ಕೊಡು, ಎಣಿಸುವ ಕೆಲಸ ಅವಳಿಗೇ ಬಿಡು.

ಮಾಡುವುದು ಸುಲಭ. ಗಟ್ಟಿ ಕಾಂಡದವು ಮೊದಲು, ಎಳೆಯವು ಆಮೇಲೆ, ಕಡಿಮೆ ನೀರಿನಲ್ಲಿ ಬೇಯಲಿ. ಕೊಬ್ಬರಿ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸು. ಸೊಪ್ಪು ಹಾಕಿ ನೀರು ಇಂಗಿಸಿ, ಕಾಯಿತುರಿ ಉದುರಿಸು. ಸ್ವಲ್ಪ ಅನ್ನಕ್ಕೆ ಕಲಸಿ ಹೂಕುಂಡದ ಮಣ್ಣಿಗಾದರೂ ಬೀರು. ಜೊತೆಗೆ ಸಿಹಿಗುಂಬಳದ ಕಡುಬು ಮಾಡು. ಅಲ್ಲಿ ಅಕ್ಟೋಬರಿನಲ್ಲಿ ಮನೆ ಮನೆ ಬಾಗಿಲಲ್ಲಿ ಚೀನಿಕಾಯಿ ಇಟ್ಟಿರುತ್ತಾರಂತಲ್ಲ! ಕೆತ್ತಲು ಮಾರುವ ದೊಡ್ಡದು ಬೇಡ, ಬರೀ ನೀರು. ಸಣ್ಣದು, ಒಳಗೆ ಕಡು ಕೇಸರಿ ಇರುವುದನ್ನು ತಾ. ಎರಡು ಲೋಟ ತುರಿ, ಒಂದು ಲೋಟ ಬೆಲ್ಲ, ಒಂದೂವರೆ ಲೋಟ ಅಕ್ಕಿ ತರಿ, ಕಾಯಿತುರಿ, ಏಲಕ್ಕಿ. ಬಾಳೆಎಲೆ ಫ್ರೀಜರಿನಲ್ಲಿ ಸಿಗುತ್ತದೆ, ಅದರಲ್ಲಿ ಮಡಚಿ ಅರ್ಧ ಗಂಟೆ ಹಬೆಯಲ್ಲಿ ಇಡು.

ಈ ಸಲ ನನ್ನದೂ ಒಂದು ಪ್ರಶ್ನೆ

ಅಮ್ಮ ತರುತ್ತಿದ್ದ ಕುಡಿಗಳ ಹೆಸರನ್ನು ಹೋಟೆಲ್ಲಿನ ಹಳೆಯ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ. ಇಪ್ಪತ್ತೆಂಟು ಇವೆ. ಇಪ್ಪತ್ತೊಂಬತ್ತನೆಯದಕ್ಕೆ ಅವರು 'ಅತ್ತೆ ಸೊಪ್ಪು' ಅನ್ನುತ್ತಿದ್ದರು, ಅವರ ಅತ್ತೆ ತೋರಿಸಿದ್ದು ಅಂತ. ನಿಜ ಹೆಸರು ನಾನು ಕೇಳಲಿಲ್ಲ. ಬೇಲಿಗೆ ಹಬ್ಬುವ ಸಣ್ಣ ಬಳ್ಳಿ, ಮೂರು ಮೂರು ಎಲೆ, ಎಲೆಯ ಅಡಿ ಬೂದು ಬಣ್ಣ, ಉಜ್ಜಿದರೆ ಮಾವಿನ ಚಿಗುರಿನ ವಾಸನೆ. ಹಸ್ತೆ ಮಳೆಯಲ್ಲಿ ಚಿಗುರುತ್ತಿತ್ತು. ಸೊರಬ, ಸಾಗರದ ಕಡೆಯ ಹಿರಿಯರಿಗೆ ಗೊತ್ತಿದ್ದರೆ ಒಂದು ಎಲೆಯನ್ನು ಕಾಗದದ ನಡುವೆ ಒಣಗಿಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ.